ಅಪ್‌ಡೇಟ್: ನೈರೋಬಿಯ ವಿಶ್ವಸಂಸ್ಥೆ ಸಂಬಳಕ್ಕೆ ಇಲ್ಲಿ ತೆರಿಗೆ ಉಂಟೇ?

ಎರಡು ವರ್ಷ ನೈರೋಬಿಯ ವಿಶ್ವಸಂಸ್ಥೆ ಕಚೇರಿಯಲ್ಲಿ ನೌಕರನಾಗಿದ್ದು ಆಗಸ್ಟ್ ಕೊನೆಗೆ ಮೈಸೂರಿಗೆ ಮರಳಿದೆ, ಆ ವರ್ಷದ ಸಂಬಳಕ್ಕೆ ತೆರಿಗೆ ಕಟ್ಟಬೇಕೇ ಎಂದು ಕೇಳಿದ್ದೆನಲ್ಲ, ನಿನ್ನೆ ರಿಟರ್ನ್ಸ್ ಸಲ್ಲಿಸಿ ಮುಗಿಸಿದೆ.

ಕೆಲಸಕ್ಕೆ ಬಂದದ್ದು 1947ರ ವಿಶ್ವಸಂಸ್ಥೆ (ಸವಲತ್ತು ಮತ್ತು ವಿನಾಯಿತಿ) ಕಾಯ್ದೆಯನ್ನು ಓದಿ ಎಂದವರ ಮಾತು. ಅದರ ಅನುಸೂಚಿಯ 18ನೇ ವಿಭಾಗದ ಪ್ರಕಾರ ಅಧಿಕಾರಿಗಳಿಗೆ ವಿಶ್ವಸಂಸ್ಥೆ ಕೊಡುವ ಸಂಬಳಕ್ಕೆ ತೆರಿಗೆ ಇಲ್ಲ. ಅನಿವಾಸಿ ಎಂದು ತೋರಿಸಿ ಎಂಬ ಸಲಹೆ ನಡೆಯಲಿಲ್ಲ. ವರ್ಷದಲ್ಲಿ 182 ದಿನ ಇಲ್ಲಿದ್ದರೆ ನಿವಾಸಿಯೇ, ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ ಎಣಿಸಿದರೆ ಅದು ಎಂದೋ ದಾಟಿತ್ತು. ಕೀನ್ಯಾದಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ಕಳೆಯಿರಿ ಎಂಬುದೂ ಅಷ್ಟೇ. ಸಂಬಳ ಚೀಟಿಯಲ್ಲಿ 'ಸ್ಟಾಫ್ ಅಸೆಸ್‌ಮೆಂಟ್' ಎಂಬ ದೊಡ್ಡ ಕಡಿತ ಕಂಡು ನಾನೂ ಅದನ್ನೇ ತೆರಿಗೆ ಎಂದುಕೊಂಡಿದ್ದೆ. ಅದು ವಿಶ್ವಸಂಸ್ಥೆಯ ಒಳಗಿನ ಕಡಿತ, ಯಾವ ದೇಶದ ಖಜಾನೆಗೂ ಕಟ್ಟಿದ್ದಲ್ಲ.

ಪೆಟ್ಟು ಬಿದ್ದದ್ದು ಬೇರೆ ಕಡೆ. ಊರಿಗೆ ಬಂದ ಮೇಲೆ ಅದೇ ಕಚೇರಿಗೆ ಮೂರು ತಿಂಗಳು ಸಲಹೆಗಾರನಾಗಿ ದುಡಿದಿದ್ದೆ. ಹಣ ಬಂದದ್ದು ಅದೇ ಖಾತೆಗೆ, ಆದರೆ ಒಪ್ಪಂದದ ಮೊದಲ ಪುಟದಲ್ಲೇ 'ನೌಕರನಲ್ಲ' ಎಂದಿದೆ. ಹಾಗಾಗಿ ಅಧಿಕಾರಿಗಳ ವಿನಾಯಿತಿ ಸಿಗದೆ ಆ ಶುಲ್ಕಕ್ಕೆ ಪೂರ್ತಿ ತೆರಿಗೆ ಕಟ್ಟಿದೆ. ನೈರೋಬಿಯ ಬ್ಯಾಂಕ್ ಖಾತೆಯನ್ನೂ ರಿಟರ್ನ್ಸ್‌ನ ವಿದೇಶಿ ಆಸ್ತಿಗಳ ಅನುಸೂಚಿಯಲ್ಲಿ ತೋರಿಸಬೇಕಿತ್ತು. ನನ್ನ ಲೆಕ್ಕಪರಿಶೋಧಕರು ಅದನ್ನು ಮರೆತೇಬಿಟ್ಟಿದ್ದರು!

ಹುಡುಕುವಾಗ ಸಿಕ್ಕ ಇನ್ನೊಂದು ಸಂಗತಿ: ವಿಶ್ವಸಂಸ್ಥೆಯ ಪಿಂಚಣಿಗೂ ತೆರಿಗೆ ಇಲ್ಲ ಎಂದು ಮೊದಲು ಹೇಳಿದ್ದು ನಮ್ಮ ಕರ್ನಾಟಕ ಹೈಕೋರ್ಟೇ. ನೇರ ತೆರಿಗೆಗಳ ಮಂಡಳಿ 1981ರಲ್ಲಿ ಸುತ್ತೋಲೆ ಹೊರಡಿಸಿ ಅದನ್ನು ಒಪ್ಪಿಕೊಂಡಿತು.