ಹಾಂಗೊಪ್ ಮತ್ತು ಬೆರಿ ಹಣ್ಣುಗಳು: ಹಗುರವಾದ ಡಚ್ ಬೇಸಿಗೆ ಸಿಹಿ

ಪ್ರಶ್ನೆ: ನಾವು ನೆದರ್‌ಲ್ಯಾಂಡ್ಸ್‌ನಲ್ಲಿ ನೆಲೆಸಿದ್ದೇವೆ. ಜೂನ್ ಕೊನೆಯ ಹೊತ್ತಿಗೆ ಇಲ್ಲಿಯ ಸಂತೆಗೆ ಸ್ಟ್ರಾಬೆರಿ, ರಾಸ್ಪ್‌ಬೆರಿ, ರೆಡ್ ಕರಂಟ್ (ಗೊಂಚಲಾಗಿ ಬಿಡುವ ಸಣ್ಣ ಕೆಂಪು ಹುಳಿ ಹಣ್ಣು) ಧಾರಾಳವಾಗಿ ಬರುತ್ತವೆ. ಇವುಗಳಿಂದ, ಊಟದ ನಂತರ ಹೊಟ್ಟೆಗೆ ಭಾರವೆನಿಸದ, ಈ ನಾಡಿನದೇ ಆದ ಸಿಹಿಯನ್ನು ಮಾಡಬೇಕೆಂದಿದ್ದೇನೆ. ಮನೆಯಲ್ಲಿ ಮೊಟ್ಟೆ, ಜೆಲಾಟಿನ್ ಬಳಸುವುದಿಲ್ಲ. ತಿಳಿದವರು ದಯವಿಟ್ಟು ವಿಧಾನ ತಿಳಿಸಿ.

ಉತ್ತರ 1: ನೀವು ಕೇಳಿದ್ದಕ್ಕೆ ಹಾಂಗೊಪ್ ಸರಿಹೊಂದುತ್ತದೆ. ತೆಳುವಾದ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಜರಡಿಯ ಮೇಲೆ ಹಾಸಿ, 1 ಲೀಟರ್ ಕೆನೆಮೊಸರನ್ನು ಸುರಿದು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೆ ನೀರು ಇಳಿದು ಸುಮಾರು ಅರ್ಧದಷ್ಟು ಗಟ್ಟಿ ಮೊಸರು ಉಳಿಯುತ್ತದೆ. ಶ್ರೀಖಂಡಕ್ಕೆ ಚಕ್ಕಾ ಕಟ್ಟಿ ರೂಢಿಯಿರುವ ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಇಲ್ಲಿ ಸಕ್ಕರೆ ಬಹಳ ಕಡಿಮೆ, ಏಲಕ್ಕಿಯ ಬದಲು ವೆನಿಲ್ಲಾ. ಹಿಂದೆ ಇದನ್ನು ಕಾರ್ನೆಮೆಲ್ಕ್ ಎಂಬ ಮಜ್ಜಿಗೆಯಿಂದಲೇ ಮಾಡುತ್ತಿದ್ದರು. ಅದರಲ್ಲಿ ಉಳಿಯುವ ಗಟ್ಟಿ ಭಾಗ ಕಡಿಮೆಯಾದರೂ ಆ ಹುಳಿಯೇ ಹಣ್ಣಿಗೆ ಒಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ.

ಸ್ಟ್ರಾಬೆರಿಯನ್ನು ತೊಟ್ಟಿನ ಸಮೇತ ತೊಳೆಯಿರಿ; ತೊಟ್ಟು ತೆಗೆದು ತೊಳೆದರೆ ಹಣ್ಣು ನೀರು ಹೀರಿಕೊಂಡು ಸಪ್ಪೆಯಾಗುತ್ತದೆ. ನಂತರ ಹೆಚ್ಚಿ, ಒಂದು ಚಮಚ ಸಕ್ಕರೆ ಉದುರಿಸಿ ಕಾಲು ಗಂಟೆ ಬಿಟ್ಟರೆ ರಸ ತಾನಾಗಿಯೇ ಬಿಡುತ್ತದೆ.

ಉತ್ತರ 2: ಪುರುಸೊತ್ತಿಲ್ಲದಿದ್ದರೆ ಹಾಂಗೊಪ್ ಬದಲು ಅಂಗಡಿಯ ಕ್ವಾರ್ಕ್ (ಗಟ್ಟಿ ಮೊಸರಿನಂಥ ಮೆದು ಚೀಸ್) ಬಳಸಬಹುದು. ಕೆಲವು ಕ್ವಾರ್ಕ್‌ಗಳಲ್ಲಿ ಸ್ಟ್ರೆಮ್ಸೆಲ್, ಅಂದರೆ ಹಾಲು ಒಡೆಸುವ ಕಿಣ್ವ, ಇರುತ್ತದೆ. ಅದು ಕರುವಿನ ಹೊಟ್ಟೆಯಿಂದ ತೆಗೆದದ್ದೂ ಆಗಿರಬಹುದಾದ್ದರಿಂದ ಸಸ್ಯಾಹಾರಿಗಳು ಲೇಬಲ್ ಓದಿಯೇ ಕೊಳ್ಳಬೇಕು.

ಪ್ರಶ್ನೆ ಕೇಳಿದವರು: ಬಹಳ ಉಪಕಾರವಾಯಿತು. ರೆಡ್ ಕರಂಟ್ ವಿಪರೀತ ಹುಳಿಯಲ್ಲವೇ? ಹಾಂಗೊಪ್ ಕೂಡ ಹುಳಿಯೇ ಆದ್ದರಿಂದ ರೆಡ್ ಕರಂಟ್ ಅನ್ನು ಬೇರೆ ಯಾವುದಕ್ಕೆ ಬಳಸಲಿ?

ಉತ್ತರ 3: ವಾಟರ್‌ಗ್ರೂವೆಲ್ ಮಾಡಿ, ಗ್ರೋನಿಂಗೆನ್ ಕಡೆಯವರು ಅದನ್ನು ಕ್ರೆಂಟ್ಯೆಬ್ರೈ ಎನ್ನುತ್ತಾರೆ. ರಾತ್ರಿ ನೆನೆಸಿದ 100 ಗ್ರಾಂ ಬಾರ್ಲಿಯನ್ನು 1 ಲೀಟರ್ ನೀರಿನಲ್ಲಿ, ದಾಲ್ಚಿನ್ನಿ ಚಕ್ಕೆ ಮತ್ತು ನಿಂಬೆ ಸಿಪ್ಪೆಯೊಂದಿಗೆ ಮೆತ್ತಗೆ ಬೇಯಿಸಿ, ಕೊನೆಗೆ ಒಣದ್ರಾಕ್ಷಿ, ಕರಂಟ್ ರಸ ಮತ್ತು ಸಕ್ಕರೆ ಸೇರಿಸಿ. ಬಾರ್ಲಿಯ ಗಂಜಿಯೇ ಅದನ್ನು ಗಟ್ಟಿಯಾಗಿಸುವುದರಿಂದ ಜೆಲಾಟಿನ್ ಪ್ರಶ್ನೆಯೇ ಬರುವುದಿಲ್ಲ. ಬಿಸಿಯಾಗಿಯೂ ತಿನ್ನುತ್ತಾರೆ, ಆದರೆ ಬೇಸಿಗೆಯಲ್ಲಿ ತಣ್ಣಗಿದ್ದರೇ ಚೆನ್ನ. ಕರಂಟ್ ಕಾಳುಗಳನ್ನು ಗೊಂಚಲಿನಿಂದ ಬಿಡಿಸಲು ಫೋರ್ಕ್ ಸಾಕು.