ಬ್ಲಡ್ ಹಾಕೋ ಟ್ರೈನಿಂಗ್: ಒಂದು ಗಂಟೆ ಕ್ಲಾಸ್ ಮಾಡಿ ಸೈನ್ ಹಾಕಿಸ್ಕೊಂಡ್ರೆ ಸಾಕಾ?

ವಾರ್ಡ್ ಸಿಸ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮೆಡಿಕಲ್ ವಾರ್ಡಲ್ಲಿ ಸ್ಟಾಫ್ ನರ್ಸ್, ಹನ್ನೊಂದು ವರ್ಷ ಆಯ್ತು. ಹೊಸದಾಗಿ ಸೇರಿರೋ ನರ್ಸ್‌ಗಳಿಗೂ ಹೌಸ್ ಸರ್ಜನ್‌ಗಳಿಗೂ ರಕ್ತ ಹಾಕೋದರ ಟ್ರೈನಿಂಗ್ ಕೊಡೋ ಜವಾಬ್ದಾರಿ ಈ ಸಲ ನನಗೆ ಬಂದಿದೆ. ಇಷ್ಟು ದಿನ ನಮ್ಮಲ್ಲಿ ನಡೀತಿದ್ದಿದ್ದು ವರ್ಷಕ್ಕೊಂದು ಸಲ ಒಂದು ಗಂಟೆ ಕ್ಲಾಸು, ಸ್ಲೈಡ್ ತೋರಿಸೋದು, ಕೊನೇಲಿ ಹತ್ತು ಪ್ರಶ್ನೆ, ಆಮೇಲೆ ಹಾಜರಿ ಪುಸ್ತಕಕ್ಕೆ ಸೈನು. ಎಲ್ಲರೂ ಪಾಸ್ ಆಗ್ತಿದ್ರು.

ಆದ್ರೆ ಹೋದ ತಿಂಗಳು ನಡೆದಿದ್ದು ಇನ್ನೂ ಮನಸ್ಸಿಂದ ಹೋಗ್ತಿಲ್ಲ. ಅಕ್ಕಪಕ್ಕದ ಬೆಡ್ಡಿನ ಇಬ್ಬರಿಗೆ ಕ್ರಾಸ್‌ಮ್ಯಾಚ್‌ಗೆ (ಕೊಡೋ ರಕ್ತ ಪೇಷೆಂಟ್ ರಕ್ತಕ್ಕೆ ಹೊಂದುತ್ತಾ ಅಂತ ನೋಡೋ ಟೆಸ್ಟಿಗೆ) ಸ್ಯಾಂಪಲ್ ತೆಗೀಬೇಕಿತ್ತು, ಹೊಸ ಹುಡುಗಿ ಇಬ್ಬರದ್ದೂ ತೆಗೆದು ಎರಡೂ ಟ್ಯೂಬ್ ಒಂದೇ ಟ್ರೇಲಿ ಇಟ್ಕೊಂಡು ನರ್ಸಿಂಗ್ ಸ್ಟೇಷನ್ನಿಗೆ ಬಂದ್ಲು, ಅಲ್ಲಿ ಕೂತು ಲೇಬಲ್ ಬರೆಯೋ ಹೊತ್ತಿಗೆ ಫೋನ್ ಬಂತು, ಎದ್ದು ಮಾತಾಡಿ ವಾಪಸ್ ಬಂದು ಬರೆದ್ಲು, ಟ್ಯೂಬ್ ಅದಲುಬದಲು ಆಗೋಯ್ತು. ಬ್ಲಡ್ ಬ್ಯಾಂಕಿನಿಂದ ಫೋನ್, ಈ ಪೇಷೆಂಟ್‌ದು ಹಳೇ ರೆಕಾರ್ಡಲ್ಲಿ ಬಿ ಗ್ರೂಪ್ ಇದೆ, ಈಗ ಒ ಬರ್ತಿದೆ, ಎರಡನೇ ಸ್ಯಾಂಪಲ್ ಕಳಿಸಿ ಅಂತ. ಆಗ ಗೊತ್ತಾಯ್ತು. ಇನ್ನೊಬ್ಬರು ಮೊದಲನೇ ಸಲ ಬಂದವರು, ಅವರದ್ದು ಹಳೇ ರೆಕಾರ್ಡೇ ಇರಲಿಲ್ಲ. ನೆನೆಸ್ಕೊಂಡ್ರೆ ಈಗಲೂ ಕೈಕಾಲು ತಣ್ಣಗಾಗುತ್ತೆ.

ಆ ಹುಡುಗಿ ನಮ್ಮ ಟೆಸ್ಟಲ್ಲಿ ಹತ್ತಕ್ಕೆ ಹತ್ತು ತಗೊಂಡವಳು. ಲೇಬಲ್ ಎಲ್ಲಿ ಹಚ್ಚಬೇಕು ಅನ್ನೋ ಪ್ರಶ್ನೆಗೂ ಸರಿ ಉತ್ತರ ಬರೆದಿದ್ಲು. ಹಂಗಾದ್ರೆ ನಾವು ಕಲಿಸಿದ್ದೇನು? ನಿಮ್ಮ ಕಡೆ ಹೆಂಗೆ ಮಾಡ್ತೀರಾ, ಅನುಭವ ಇರೋರು ದಯವಿಟ್ಟು ವಿವರವಾಗಿ ಹೇಳಿ.

---

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್:

ಸಿಸ್ಟರ್, ನೀವು ಮುಚ್ಚಿಡದೆ ಬರೆದಿದ್ದು ತುಂಬಾ ಒಳ್ಳೇದಾಯ್ತು. ಕೌಂಟರಿನ ಈ ಕಡೆಯಿಂದ ಒಂದು ವಿಷಯ ಹೇಳ್ತೀನಿ, ಇದನ್ನ ನಿಮ್ಮ ಕ್ಲಾಸಲ್ಲಿ ಮೊದಲನೇ ಮಾತಾಗಿ ಹೇಳಿ. ಬಹಳ ಜನ ಅಂದ್ಕೊಂಡಿರೋದು ಏನಾದ್ರೂ ತಪ್ಪಾಗಿದ್ರೆ ಕ್ರಾಸ್‌ಮ್ಯಾಚಲ್ಲಿ ಸಿಕ್ಕೇ ಸಿಗುತ್ತೆ ಅಂತ. ಸಿಗಲ್ಲ. ನಿಮ್ಮ ಕೇಸನ್ನೇ ತಗೊಳ್ಳಿ, ಆ ಮೊದಲನೇ ಸಲ ಬಂದವರು ಒ ಗ್ರೂಪ್, ಅವರ ಹೆಸರಿನ ಟ್ಯೂಬಲ್ಲಿ ಇದ್ದಿದ್ದು ಪಕ್ಕದವರ ಬಿ ರಕ್ತ. ನಾನು ಆ ಟ್ಯೂಬ್ ನೋಡಿ ಬಿ ಅಂತೀನಿ, ಬಿ ಬ್ಯಾಗ್ ತೆಗೆದು ಕ್ರಾಸ್‌ಮ್ಯಾಚ್ ಮಾಡ್ತೀನಿ, ಸರಿಯಾಗೇ ಹೊಂದುತ್ತೆ, ಯಾಕಂದ್ರೆ ಟ್ಯೂಬಲ್ಲಿರೋದು ಬಿ ರಕ್ತಾನೇ ಅಲ್ವಾ. ನನ್ನ ಕೆಲಸದಲ್ಲಿ ಒಂದು ತಪ್ಪೂ ಇರಲ್ಲ, ಬ್ಯಾಗ್ ಮೇಲಿನ ಹೆಸರೂ ಸರಿ ಇರುತ್ತೆ, ವಾರ್ಡಲ್ಲಿ ಇಬ್ಬರು ಸೇರಿ ಚೆಕ್ ಮಾಡಿದ್ರೂ ಎಲ್ಲಾ ತಾಳೆ ಆಗುತ್ತೆ, ಒ ಗ್ರೂಪಿನ ಮೈಗೆ ಬಿ ರಕ್ತ ಹೋಗುತ್ತೆ. ಒ ಗ್ರೂಪಿನವರಲ್ಲಿ ಎ, ಬಿ ಎರಡಕ್ಕೂ ವಿರುದ್ಧ ಆಂಟಿಬಾಡಿ ಹುಟ್ಟಿದ ಕೆಲವೇ ತಿಂಗಳಿಂದ ತಯಾರಾಗಿರುತ್ತೆ, ಹಾಕಿದ ತಕ್ಷಣ ಕೆಂಪು ಕಣ ಒಡೆಯೋಕೆ ಶುರು.

ಅದಕ್ಕೇ ಎರಡು ಸ್ಯಾಂಪಲ್ ನಿಯಮ ಮಾಡಿರೋದು. ಹಳೇ ಗ್ರೂಪ್ ರೆಕಾರ್ಡ್ ಇಲ್ಲದವರಿಗೆ ಬೇರೆ ಹೊತ್ತಲ್ಲಿ, ಸಾಧ್ಯ ಆದ್ರೆ ಬೇರೆಯವರ ಕೈಲಿ, ಇನ್ನೊಂದು ಸ್ಯಾಂಪಲ್. ಇದರಲ್ಲೂ ಒಂದು ಕಳ್ಳದಾರಿ ಇದೆ, ಒಂದೇ ಸಲ ಚುಚ್ಚಿ ಎರಡು ಟ್ಯೂಬ್ ತುಂಬಿಸಿ ಒಂದನ್ನ ಅರ್ಧ ಗಂಟೆ ಬಿಟ್ಟು ಕಳಿಸೋದು. ದಯವಿಟ್ಟು ಹಂಗೆ ಮಾಡಬೇಡಿ, ಪೇಷೆಂಟನ್ನ ಕಾಪಾಡೋ ಒಂದೇ ಒಂದು ಗೋಡೆ ಅದು.

ಇನ್ನೊಂದು, ಬ್ಯಾಗ್ ವಾರ್ಡಿಗೆ ಬಂದ್ಮೇಲೆ ಊಟದ ಫ್ರಿಡ್ಜಲ್ಲೋ ಔಷಧಿ ಫ್ರಿಡ್ಜಲ್ಲೋ ಇಡೋದು ನಿಲ್ಲಬೇಕು. ಕೆಂಪು ಕಣ ಇರಬೇಕಾದ್ದು 2ರಿಂದ 6 ಡಿಗ್ರಿಯಲ್ಲಿ, ವಾರ್ಡ್ ಫ್ರಿಡ್ಜ್ ಎಷ್ಟು ಸಲ ತೆಗೆದು ಮುಚ್ತಾರೋ ದೇವರಿಗೇ ಗೊತ್ತು. ಪ್ಲೇಟ್ಲೆಟ್ ಅಂತೂ ಫ್ರಿಡ್ಜಿಗೆ ಹೋಗಲೇಬಾರದು, 20ರಿಂದ 24 ಡಿಗ್ರಿ, ಅಲ್ಲಾಡ್ತಾನೇ ಇರಬೇಕು. ತಕ್ಷಣ ಹಾಕಲ್ಲ ಅಂದ್ರೆ 30 ನಿಮಿಷದೊಳಗೆ ನಮಗೆ ವಾಪಸ್ ಕಳಿಸಿ, ಯಾರೂ ಬೈಯಲ್ಲ.

---

ಅನಸ್ತೇಷಿಯಾ ಡಾಕ್ಟರ್:

ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಬ್ರಿಟನ್ನಿನಲ್ಲಿ ಶಾಟ್ ಅಂತ ಒಂದು ಹೀಮೋವಿಜಿಲೆನ್ಸ್ ವ್ಯವಸ್ಥೆ, ಅಂದ್ರೆ ರಕ್ತ ಹಾಕೋದ್ರಲ್ಲಿ ಆಗೋ ತೊಂದರೆಗಳ ಮೇಲೆ ಕಣ್ಣಿಡೋ ವ್ಯವಸ್ಥೆ ಇದೆ, 1996ರಿಂದ ಇಂಥ ಘಟನೆಗಳನ್ನ ಒಟ್ಟು ಮಾಡ್ತಿದ್ದಾರೆ, ಅವರ ವರದಿಗಳಲ್ಲಿ ವರ್ಷವರ್ಷವೂ ದೊಡ್ಡ ಪಾಲು ಮನುಷ್ಯರ ಕೈತಪ್ಪಿಂದೇ, ರಕ್ತದಲ್ಲೇ ಇರೋ ದೋಷದ್ದಲ್ಲ.

ನಾನು ಸೇರಿಸೋದು ಡಾಕ್ಟರ್‌ಗಳ ಬಗ್ಗೆ. ಟ್ರೈನಿಂಗ್ ಅಂದ ಕೂಡ್ಲೇ ನರ್ಸ್‌ಗಳನ್ನ ಕೂರಿಸ್ತೀವಿ, ಆದ್ರೆ ರಕ್ತ ಬೇಕು ಅಂತ ಬರೆಯೋರು ನಾವು. ಎಂಬಿಬಿಎಸ್‌ನಲ್ಲಿ ಈ ವಿಷಯಕ್ಕೆ ಸಿಗೋ ಹೊತ್ತು ಬಹಳ ಕಮ್ಮಿ, ಗ್ರೂಪುಗಳ ಥಿಯರಿ ಬಾಯಿಪಾಠ ಇರುತ್ತೆ, ಯಾರಿಗೆ ಎಷ್ಟು ಹಾಕಬೇಕು ಯಾವಾಗ ಹಾಕಬಾರದು ಅನ್ನೋದು ಸೀನಿಯರ್ ಮಾಡೋದು ನೋಡಿ ಕಲಿತಿರ್ತೀವಿ, ಸೀನಿಯರ್ ಅವರ ಸೀನಿಯರನ್ನ ನೋಡಿ ಕಲಿತಿರ್ತಾರೆ. ಹಿಮೋಗ್ಲೋಬಿನ್ 10ಕ್ಕಿಂತ ಕೆಳಗೆ ಬಂದ್ರೆ ಎರಡು ಬಾಟ್ಲಿ ಅನ್ನೋ ಅಭ್ಯಾಸ ಹಂಗೇ ಉಳ್ಕೊಂಡು ಬಂದಿದ್ದು. 1999ರಲ್ಲಿ ಟ್ರಿಕ್ ಅನ್ನೋ ಟ್ರಯಲ್ ಬಂತು, ಐಸಿಯುನಲ್ಲಿದ್ದ 838 ಪೇಷೆಂಟ್‌ಗಳು, ಒಂದು ಗುಂಪಿಗೆ 7ಕ್ಕಿಂತ ಇಳಿದ ಮೇಲೆ ರಕ್ತ, ಇನ್ನೊಂದಕ್ಕೆ 10ಕ್ಕಿಂತ ಇಳಿದ ಕೂಡ್ಲೇ. 7ರ ತನಕ ಕಾದು ರಕ್ತ ಹಾಕಿಸ್ಕೊಂಡ ಗುಂಪಿಗೆ ಅದರಿಂದ ಏನೂ ಕೆಡುಕಾಗಲಿಲ್ಲ. ಹಾರ್ಟ್ ತೊಂದರೆ ಇರೋರು, ಜೋರಾಗಿ ಬ್ಲೀಡ್ ಆಗ್ತಿರೋರ ಲೆಕ್ಕ ಬೇರೆ, ಅದನ್ನೂ ಹೇಳಿಕೊಡಬೇಕು. ಬ್ಲೀಡಿಂಗ್ ಇಲ್ಲದ ದೊಡ್ಡವರಿಗೆ ಒಂದು ಬ್ಯಾಗಿಂದ ಸುಮಾರು 1 ಗ್ರಾಂ ಏರುತ್ತೆ, ಒಂದು ಹಾಕಿ, ಪೇಷೆಂಟನ್ನ ನೋಡಿ, ಆಮೇಲೆ ಎರಡನೇದು ಬೇಕಾ ಯೋಚನೆ ಮಾಡಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ ಟಾಕೊ, ಅಂದ್ರೆ ಹಾಕಿದ ರಕ್ತ ದೇಹ ತಡೆಯೋಕ್ಕಿಂತ ಜಾಸ್ತಿ ಆಗೋದು. ತಪ್ಪು ಗ್ರೂಪಿಗೆ ಎಲ್ಲರೂ ಹೆದರ್ತಾರೆ, ಸರಿಯಾದ ಗ್ರೂಪೇ ಜಾಸ್ತಿ ಆಗಿ, ಬೇಗ ಹೋಗಿ, ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳೋದಕ್ಕೆ ಹೆದರೋರು ಕಮ್ಮಿ. ವಯಸ್ಸಾದವರು, ತೂಕ ಕಮ್ಮಿ ಇರೋರು, ಹಾರ್ಟ್ ಕಿಡ್ನಿ ತೊಂದರೆ ಇರೋರು, ತಿಂಗಳುಗಟ್ಟಲೆ ರಕ್ತಹೀನತೆ ಇದ್ದು ದೇಹ ಅದಕ್ಕೇ ಒಗ್ಗಿಕೊಂಡಿರೋರು, ಇವರಿಗೆ ಬ್ಯಾಗ್ ಹಾಕೋ ಮೊದಲೇ ಟಾಕೊ ನೆನಪಿಗೆ ಬರಬೇಕು. ಬ್ಯಾಗ್ ಮುಗಿದ ಮೇಲೂ 12 ಗಂಟೆ ತನಕ ಉಸಿರಾಟದ ಮೇಲೆ ಕಣ್ಣಿರಲಿ.

---

ನರ್ಸಿಂಗ್ ಟ್ಯೂಟರ್:

ತಂಗಿ, ನಿನ್ನ ಪ್ರಶ್ನೆ ಓದಿ ಕಣ್ಣು ಒದ್ದೆ ಆಯ್ತು, ನಾನೂ ಇಪ್ಪತ್ತು ವರ್ಷ ಸ್ಲೈಡ್ ತೋರಿಸಿದವಳೇ. ಈಗ ಕ್ಲಾಸು ಅರ್ಧ ಗಂಟೆ ಮಾತ್ರ, ಉಳಿದದ್ದೆಲ್ಲಾ ಬೆಡ್ ಪಕ್ಕದಲ್ಲಿ. ಆ ಹುಡುಗಿಗೆ ನಿಯಮ ಗೊತ್ತಿತ್ತು, ಫೋನ್ ಬಂದಾಗ ಕೈ ಏನು ಮಾಡಬೇಕು ಅನ್ನೋದು ಕೈಗೆ ಗೊತ್ತಿರಲಿಲ್ಲ.

ನಾವು ಮಾಡೋದು ಹೀಗೆ. ಖಾಲಿ ಬೆಡ್ಡಲ್ಲಿ ಒಬ್ಬರನ್ನ ಮಲಗಿಸ್ತೀವಿ, ಕೈಗೆ ಹೆಸರು ನಂಬರ್ ಬರೆದ ಬ್ಯಾಂಡ್ ಕಟ್ತೀವಿ, ಬಣ್ಣದ ನೀರು ತುಂಬಿದ ಹಳೇ ಬ್ಯಾಗ್ ಕೊಡ್ತೀವಿ. ಬೇಕಂತಲೇ ಒಂದು ತಪ್ಪು ಇಟ್ಟಿರ್ತೀವಿ, ಹಾಸ್ಪಿಟಲ್ ನಂಬರಲ್ಲಿ ಒಂದು ಅಂಕಿ ಆಚೀಚೆ, ಇಲ್ಲಾ ಎಕ್ಸ್‌ಪೈರಿ ನಿನ್ನೇದು. ಚೆಕ್ ಮಾಡೋ ಮಧ್ಯೆ ಇನ್ನೊಬ್ಬರು ಬಂದು ಸಿಸ್ಟರ್ ಆರನೇ ಬೆಡ್ ಡ್ರಿಪ್ ನಿಂತಿದೆ ಅಂತ ಕೂಗ್ತಾರೆ. ಶುರುಮಾಡಿದವರು ಹೋಗಿ ಬಂದು ಬಿಟ್ಟಲ್ಲಿಂದ ಮುಂದುವರಿಸ್ತಾರಾ, ಮೊದಲಿಂದ ಚೆಕ್ ಮಾಡ್ತಾರಾ, ಅಷ್ಟೇ ನೋಡೋದು. ಮೊದಲಿಂದ ಮಾಡಬೇಕು. ಮೊದಮೊದಲು ಮುಕ್ಕಾಲು ಜನ ಬಿಟ್ಟಲ್ಲಿಂದಲೇ ಮುಂದುವರಿಸೋರು, ಆ ತಪ್ಪು ಅಂಕಿ ಕಣ್ಣೆದುರೇ ಜಾರಿ ಹೋಗೋದು. ಬೈಯದೆ ಅಲ್ಲೇ ನಿಲ್ಲಿಸಿ ತೋರಿಸಿದ್ರೆ ಅವರು ಅದನ್ನ ಜನ್ಮದಲ್ಲಿ ಮರೆಯಲ್ಲ.

ಹೆಸರು ಕೇಳೋದನ್ನೂ ಹಂಗೇ ಅಭ್ಯಾಸ ಮಾಡಿಸು. "ನೀವು ಲಕ್ಷ್ಮಿ ಅಲ್ವಾ?" ಅಂದ್ರೆ ಜ್ವರದಲ್ಲಿರೋರು, ಕಿವಿ ಮಂದ ಇರೋರು ಹೂಂ ಅಂದೇ ಬಿಡ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ತಾರೀಖು ಹೇಳಿ" ಅನ್ನಬೇಕು, ಅದನ್ನ ಬ್ಯಾಂಡ್ ಜೊತೆ ಹೋಲಿಸಬೇಕು, ಬ್ಯಾಂಡನ್ನ ಬ್ಯಾಗಿನ ಲೇಬಲ್ ಜೊತೆ. ಇಬ್ಬರು ಚೆಕ್ ಮಾಡೋದಾದ್ರೆ ಇಬ್ಬರೂ ಬೇರೆಬೇರೆಯಾಗಿ ಕಣ್ಣಿಟ್ಟು ಓದಬೇಕು. ಒಬ್ಬರು ಓದಿ ಇನ್ನೊಬ್ಬರು ಚಾರ್ಟ್ ಬರೀತಾ ಹೂಂಗುಟ್ಟಿದ್ರೆ ಅದು ಒಬ್ಬರ ಚೆಕ್ಕೇ.

ರಕ್ತ ಶುರುಮಾಡಿದ ಮೊದಲ 15 ನಿಮಿಷಾನೂ ನಟಿಸಿ ಕಲಿಸ್ತೀವಿ. ಮಲಗಿದವರು ಬೆನ್ನು ನೋವು, ಚಳಿ, ಏನೋ ಭಯ ಆಗ್ತಿದೆ ಅಂತಾರೆ. ಆ ಭಯದ ಮಾತನ್ನ ತಳ್ಳಿಹಾಕಬಾರದು. ಮೊದಲು ಕ್ಲ್ಯಾಂಪ್ ಮುಚ್ಚಿ ನಿಲ್ಲಿಸಬೇಕು, ರಕ್ತನಾಳಕ್ಕೆ ಹಾಕಿರೋ ಸಣ್ಣ ಕೊಳವೆ, ಕ್ಯಾನುಲಾ, ತೆಗೀಬಾರದು, ಹೊಸ ಸೆಟ್ಟಲ್ಲಿ ನಾರ್ಮಲ್ ಸಲೈನ್ ಹಚ್ಚಿ ಲೈನ್ ಉಳಿಸ್ಕೋಬೇಕು, ಡಾಕ್ಟರನ್ನ ಕರೀಬೇಕು, ಹೆಸರು ನಂಬರ್ ಮತ್ತೆ ಚೆಕ್ ಮಾಡಬೇಕು, ಬ್ಯಾಗನ್ನ ಸೆಟ್ ಸಮೇತ ಬ್ಲಡ್ ಬ್ಯಾಂಕಿಗೆ ಕಳಿಸಬೇಕು. ಹೊಸಬರು ಗಾಬರಿಲಿ ಬ್ಯಾಗ್ ಡಸ್ಟ್‌ಬಿನ್ನಿಗೆ ಹಾಕಿಬಿಡ್ತಾರೆ, ಕಾರಣ ಹುಡುಕೋಕೆ ಸಾಕ್ಷಿ ಅದೊಂದೇ.

ಬ್ಯಾಗ್ ತರೋ ಅಟೆಂಡರ್‌ಗಳನ್ನೂ ಕೂರಿಸ್ಕೊ. ಯಾರ ಹೆಸರಿನ ಚೀಟಿ ಹಿಡ್ಕೊಂಡು ಹೋಗಿ ಯಾವ ಬ್ಯಾಗ್ ಎತ್ಕೊಂಡು ಬರ್ತಾರೆ ಅನ್ನೋದೂ ಇದೇ ಸರಪಳಿಯ ಕೊಂಡಿ.

---

ಹೌಸ್ ಸರ್ಜನ್:

ಎರಡು ಡೌಟ್ ಇದೆ, ದಡ್ಡ ಪ್ರಶ್ನೆ ಅನ್ಸಿದ್ರೆ ಕ್ಷಮಿಸಿ. ಪ್ರಜ್ಞೆ ಇಲ್ಲದೆ ಬಂದವರಿಗೆ ಹೆಸರು ಯಾರನ್ನ ಕೇಳೋದು? ಆಮೇಲೆ ನಮ್ಮ ಸೀನಿಯರ್ ಒಬ್ಬರು ಬ್ಯಾಗ್ ತಣ್ಣಗಿದೆ ಅಂತ ಬಿಸಿನೀರಲ್ಲಿ ಇಡಿಸ್ತಾರೆ, ಅದು ಸರಿನಾ?

---

ಬ್ಲಡ್ ಬ್ಯಾಂಕ್ ಟೆಕ್ನಿಷಿಯನ್:

ದಡ್ಡ ಪ್ರಶ್ನೆ ಅಲ್ಲಪ್ಪಾ, ಇದನ್ನ ಕೇಳದೇ ಇರೋದ್ರಿಂದಲೇ ತಪ್ಪಾಗೋದು. ಹೆಸರು ಗೊತ್ತಿಲ್ಲದವರಿಗೆ ಬಂದ ಕೂಡ್ಲೇ ಒಂದು ತಾತ್ಕಾಲಿಕ ಗುರುತು ನಂಬರ್ ಕೊಟ್ಟು ಬ್ಯಾಂಡ್ ಕಟ್ಟಬೇಕು, ಸ್ಯಾಂಪಲ್, ಫಾರ್ಮ್, ಬ್ಯಾಗ್ ಎಲ್ಲದರ ಮೇಲೂ ಅದೇ ನಂಬರ್, ಮಧ್ಯದಲ್ಲಿ ಮನೆಯವರು ಬಂದು ಹೆಸರು ಹೇಳಿದ್ರು ಅಂತ ಅರ್ಧಕ್ಕೆ ಬದಲಾಯಿಸಬಾರದು. ಪ್ರಾಣಕ್ಕೆ ಕುತ್ತು ಅಂದ್ರೆ ಒ ಗ್ರೂಪ್ ಕೆಂಪು ಕಣ ಕೊಡ್ತೀವಿ, ಮಕ್ಕಳಾಗೋ ವಯಸ್ಸಿನ ಹೆಣ್ಮಕ್ಕಳಿಗೆ ಒ ನೆಗೆಟಿವ್. ಆದ್ರೆ ಆ ಬ್ಯಾಗ್ ಹಾಕೋಕ್ಕಿಂತ ಮುಂಚೆ ಒಂದು ಸ್ಯಾಂಪಲ್ ತೆಗೆದಿಡಿ, ಒ ರಕ್ತ ತುಂಬಾ ಹೋದ ಮೇಲೆ ಅವರ ಸ್ವಂತ ಗ್ರೂಪ್ ಕಂಡುಹಿಡಿಯೋದು ಕಷ್ಟ.

ಬಿಸಿನೀರು ಖಂಡಿತಾ ಬೇಡ. ಬ್ಯಾಗಿನ ಅಂಚಿಗೆ ಇರೋ ರಕ್ತ ಬಿಸಿಯಾಗಿ ಕಣ ಒಡೆಯುತ್ತೆ, ನೀರಲ್ಲಿರೋ ಕ್ರಿಮಿ ಸೆಟ್ ಚುಚ್ಚೋ ಬಾಯಿಗೆ (ಪೋರ್ಟಿಗೆ) ಮೆತ್ತಿಕೊಳ್ಳುತ್ತೆ. ನಿಧಾನಕ್ಕೆ ಹಾಕೋ ಮಾಮೂಲಿ ಬ್ಯಾಗನ್ನ ಬೆಚ್ಚಗೆ ಮಾಡೋ ಅಗತ್ಯಾನೇ ಇಲ್ಲ, ಜೋರಾಗಿ ತುಂಬಾ ಹಾಕಬೇಕಾದಾಗ ಅದಕ್ಕಂತಲೇ ಇರೋ ಬ್ಲಡ್ ವಾರ್ಮರ್ ಬಳಸಿ. ಫ್ರಿಡ್ಜಿಂದ ತೆಗೆದ ಮೇಲೆ 4 ಗಂಟೆಯೊಳಗೆ ಮುಗೀಬೇಕು ಅನ್ನೋದೂ ನೆನಪಿರಲಿ. ಅದೇ ಲೈನಲ್ಲಿ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಿಡಬೇಡಿ, ಅದರ ಕ್ಯಾಲ್ಸಿಯಂನಿಂದ ಹೆಪ್ಪುಗಟ್ಟಬಹುದು, ಡೆಕ್ಸ್ಟ್ರೋಸ್ ಕೂಡ ಬೇಡ.

---

ವಾರ್ಡ್ ಸಿಸ್ಟರ್:

ಎಲ್ಲರಿಗೂ ಮನಸಾರೆ ಥ್ಯಾಂಕ್ಸ್. ಅಕ್ಕ, ನೀವು ಹೇಳಿದ ಹಾಗೆ ಬಣ್ಣದ ನೀರಿನ ಬ್ಯಾಗಿಂದಲೇ ಶುರು ಮಾಡ್ತೀನಿ. ಆ ಹುಡುಗಿ ಹತ್ರ ನಿನ್ನೆ ಮಾತಾಡಿದೆ, ಮೊದಲನೇ ಬ್ಯಾಚಿಗೆ ಸ್ಯಾಂಪಲ್ ತೆಗೆಯೋದನ್ನ ನಾನೇ ತೋರಿಸ್ತೀನಿ ಸಿಸ್ಟರ್, ಏನಾಯ್ತು ಅಂತಾನೂ ನಾನೇ ಹೇಳ್ತೀನಿ ಅಂದ್ಲು. ಒಂದು ಟ್ಯೂಬ್, ಒಬ್ಬ ಪೇಷೆಂಟ್, ಲೇಬಲ್ ಬೆಡ್ ಪಕ್ಕದಲ್ಲೇ, ಅದಾದ ಮೇಲೇ ಪಕ್ಕದ ಬೆಡ್ಡು. ಬೆಡ್ ಹತ್ರ ನಿಂತು ನೋಡಿ ಟಿಕ್ ಹಾಕೋಕೆ ನೀವು ಯಾವ ಹಾಳೆ ಬಳಸ್ತೀರಾ, ಎಷ್ಟು ವರ್ಷಕ್ಕೊಮ್ಮೆ ಮತ್ತೆ ನೋಡ್ತೀರಾ? ಇದ್ರೆ ಇಲ್ಲೇ ಟೈಪ್ ಮಾಡಿ ಹಾಕಿ ಅಕ್ಕ.