ಅಪ್ಪ ಅಮ್ಮನ ಜೊತೆ ಕೋಸ್ಟಾ ರಿಕಾ: ಊಟ, ಮಳೆ, ಓಡಾಟ ಹೇಗೆ?

ಡಲ್ಲಾಸ್ ಕನ್ನಡಿಗ:
ಜುಲೈನಲ್ಲಿ ಅಪ್ಪ ಅಮ್ಮ ಶಿರಸಿಯಿಂದ ಬರುತ್ತಿದ್ದಾರೆ. ಅವರನ್ನು ಕೋಸ್ಟಾ ರಿಕಾಕ್ಕೆ ಕರೆದುಕೊಂಡು ಹೋಗುವ ಆಸೆ. ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ. ಅಲ್ಲಿ ಆಗ ಮಳೆಗಾಲ ಬೇರೆ. ಕಾರು ಬಾಡಿಗೆಗೆ ತಗೊಂಡು ಜ್ವಾಲಾಮುಖಿ, ಕಾಡು, ಎರಡೂ ಕಡೆಯ ಸಮುದ್ರ ಎಲ್ಲಾ ಒಂದು ವಾರದಲ್ಲಿ ನೋಡಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಸಾಗರದವಳು:
ಖಂಡಿತ ಕರೆದುಕೊಂಡು ಹೋಗಿ. ಆದರೆ ಒಂದು ವಾರಕ್ಕೆ ಅರೆನಾಲ್ ಜ್ವಾಲಾಮುಖಿ ಹತ್ತಿರದ ಊರು ಲಾ ಫೋರ್ತುನಾ, ಗುಡ್ಡದ ಮೇಲೆ ಕಾಡಿನ ಪಕ್ಕದ ಊರು ಮೊಂತೆವೆರ್ದೆ, ಇವೆರಡೇ ಸಾಕು. ನಕ್ಷೆಯಲ್ಲಿ ದೇಶ ಚಿಕ್ಕದು, ಗುಡ್ಡದ ರಸ್ತೆಗಳು ಹಾಗಲ್ಲ.

ನಾನು ಹೋಗಿದ್ದು ಅತ್ತೆಯ ಜೊತೆ. ಅವರೂ ಪೂರ್ತಿ ಸಸ್ಯಾಹಾರಿ. ಊಟಕ್ಕೆ 'ಸೋಡಾ' ಅಂತ ಬೋರ್ಡ್ ಇರುವ ಸಣ್ಣ ಹೋಟೆಲ್ ಹುಡುಕಿ, ಹೆಚ್ಚಿನವು ಮನೆಮಂದಿಯೇ ನಡೆಸುವಂಥವು. ಮಧ್ಯಾಹ್ನ ಕಸಾದೊ ಕೇಳಿ. ಅನ್ನ, ಕಪ್ಪು ಬೀನ್ಸ್ ಕಾಳು, ಎಲೆಕೋಸಿನ ಸಲಾಡ್, ಕರಿದ ನೇಂದ್ರ ಬಾಳೆಹಣ್ಣು ಎಲ್ಲಾ ಒಂದೇ ತಟ್ಟೆಯಲ್ಲಿ ಬರುತ್ತದೆ. 'ಸಿನ್ ಕಾರ್ನೆ' (ಮಾಂಸ ಬೇಡ) ಅಂತ ಸ್ಪ್ಯಾನಿಷ್‌ನಲ್ಲಿ ಹೇಳಿದರೆ ಸಾಲದು, ಕೋಳಿ ಹಾಕಿಬಿಡುತ್ತಾರೆ. 'ಸಿನ್ ಪೋಯೋ, ಸಿನ್ ಪೆಸ್ಕಾದೊ, ಸಿನ್ ಉಯೆವೊ' (ಕೋಳಿ, ಮೀನು, ಮೊಟ್ಟೆ ಬೇಡ) ಅಂತ ಪೂರ್ತಿ ಹೇಳಿ. ಕಾಳಿಗೆ ಕೆಲವು ಕಡೆ ಹಂದಿ ಕೊಬ್ಬು ಹಾಕುತ್ತಾರೆ, ಅದನ್ನೂ ಕೇಳಿಕೊಳ್ಳಿ. ಬೆಳಿಗ್ಗೆ ಅದೇ ಅನ್ನ ಕಾಳನ್ನು ಈರುಳ್ಳಿ, ಕೊತ್ತಂಬರಿ ಸೊಪ್ಪಿನ ಜೊತೆ ಹುರಿದು ಕೊಡುತ್ತಾರೆ. ಅದರ ಹೆಸರು ಗಾಯೋ ಪಿಂತೊ. ಅತ್ತೆ ದಿನಾ ತಿಂದರು, ಬೇಜಾರಾಗಲಿಲ್ಲ.

ಲಾ ಫೋರ್ತುನಾದ ಒಂದು ಸೋಡಾದಲ್ಲಿ ಅಜ್ಜಿಯೊಬ್ಬರು ಮರದ ಸ್ಟ್ಯಾಂಡಿಗೆ ಬಟ್ಟೆಯ ಚೀಲ ನೇತುಹಾಕಿ, ಅದರೊಳಗೆ ಕಾಫಿ ಪುಡಿ ಹಾಕಿ, ನಿಧಾನಕ್ಕೆ ಬಿಸಿನೀರು ಸುರಿಯುತ್ತಿದ್ದರು. ಅತ್ತೆ ಎದ್ದು ಹೋಗಿ ಪಕ್ಕದಲ್ಲೇ ನಿಂತರು. ಅವರ ತವರಿನಲ್ಲೂ ಬಟ್ಟೆಯಲ್ಲೇ ಸೋಸುತ್ತಿದ್ದರಂತೆ. ಆ ಅಜ್ಜಿ ಚೆಂಬನ್ನು ಅತ್ತೆಯ ಕೈಗೇ ಕೊಟ್ಟರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರದು, ಆದರೂ ಅರ್ಧ ಗಂಟೆ ಮಾತಾಡಿದರು!

ಮಳೆಗೆ ಹೆದರಬೇಡಿ, ನಮ್ಮ ಮಲೆನಾಡಿನ ಹಾಗೆ ದಿನವಿಡೀ ಹೊಡೆಯುವುದು ಕಡಿಮೆ. ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಸುರಿಯುತ್ತದೆ. ಬೇಗ ಹೊರಟು ಊಟದ ಹೊತ್ತಿಗೆ ತಿರುಗಾಟ ಮುಗಿಸಿಬಿಡಿ. ಸಂಜೆ ಆರಕ್ಕೆಲ್ಲ ಕತ್ತಲು. ಗುಡ್ಡದ ರಸ್ತೆಯಲ್ಲಿ ದೀಪ ಇರಲ್ಲ, ಅದಕ್ಕೇ ಕಾರು ಬೇಡ ಅನ್ನುತ್ತೇನೆ. ನೆಟ್‌ನಲ್ಲಿ ತೋರಿಸುವ ಅಗ್ಗದ ಬಾಡಿಗೆಗೆ ಅಲ್ಲಿನ ಕಡ್ಡಾಯ ವಿಮೆ ಎಷ್ಟೋ ಸಲ ಸೇರಿರುವುದೂ ಇಲ್ಲ.

ಕಡಲ ಹುಚ್ಚ:
ಸಮುದ್ರ ಬೇಕೇ ಬೇಕು ಅಂದರೆ ಪೆಸಿಫಿಕ್ ಕಡಲ ದಂಡೆಯ ರಾಷ್ಟ್ರೀಯ ಉದ್ಯಾನ ಮನುವೆಲ್ ಅಂತೋನಿಯೊ ಸೇರಿಸಿ. ಮಂಗಳವಾರ ಪಾರ್ಕಿಗೆ ರಜೆ. ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತಗೊಳ್ಳಬೇಕು. ಒಳಗೆ ತಿಂಡಿ ಒಯ್ಯುವಂತಿಲ್ಲ, ಬ್ಯಾಗ್ ನೋಡುತ್ತಾರೆ. ಬಿಳಿ ಮುಖದ ಕಪುಚಿನ್ ಕೋತಿಗಳು ಬೀಚಿನಲ್ಲಿ ಬ್ಯಾಗಿನ ಜಿಪ್ ತೆಗೆಯುವುದನ್ನು ಕಣ್ಣಾರೆ ಕಂಡಿದ್ದೇನೆ.

ಡಲ್ಲಾಸ್ ಕನ್ನಡಿಗ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಮಂಡಿನೋವು. ಮೊಂತೆವೆರ್ದೆಯಲ್ಲಿ ನಡೆಯೋಕೆ ಕಷ್ಟ ಆಗುತ್ತಾ? ಕಾರಿಲ್ಲದೆ ಅಲ್ಲಿಗೆ ಹೋಗುವುದು ಹೇಗೆ?

ಸಾಗರದವಳು:
ಲಾ ಫೋರ್ತುನಾದಿಂದ ವ್ಯಾನು, ಆಮೇಲೆ ಅರೆನಾಲ್ ಸರೋವರ ದಾಟಲು ದೋಣಿ, ಆ ದಡದಲ್ಲಿ ಮತ್ತೊಂದು ವ್ಯಾನು. ಮೂರೂ ಸೇರಿಸಿ ಒಂದೇ ಟಿಕೆಟ್ ಕೊಡುತ್ತಾರೆ. ದೋಣಿಯಿಂದ ಅರೆನಾಲ್ ಜ್ವಾಲಾಮುಖಿ ನೋಡೋಕೆ ಎರಡು ಕಣ್ಣು ಸಾಲದು. 1968ರಲ್ಲಿ ಸಿಡಿದದ್ದು 2010ರವರೆಗೂ ಬೆಂಕಿ ಕಾರುತ್ತಿತ್ತು, ಈಗ ಶಾಂತವಾಗಿದೆ.

ಅಮ್ಮ ತುಂಬಾ ನಡೆಯಬೇಕಾಗಿಲ್ಲ. ಮೊಂತೆವೆರ್ದೆ ಕಾಡಿನ ಬಾಗಿಲ ಹತ್ತಿರವೇ ಸಕ್ಕರೆ ನೀರಿನ ಬಟ್ಟಲು ತೂಗುಹಾಕಿರುತ್ತಾರೆ. ಹಮ್ಮಿಂಗ್‌ಬರ್ಡ್‌ಗಳು ಕಿವಿ ಪಕ್ಕದಲ್ಲೇ ಗುಂಯ್ ಅಂತ ಹಾದು ಹೋಗುತ್ತವೆ. ಅಪ್ಪನಿಗೆ ಆ ಊರಿನ ಕತೆ ಹೇಳಿ: 1948ರಲ್ಲಿ ಈ ದೇಶ ಸೈನ್ಯವನ್ನೇ ರದ್ದು ಮಾಡಿತು. ಅಮೆರಿಕದಲ್ಲಿ ಸೈನ್ಯಕ್ಕೆ ಸೇರಲು ಒಪ್ಪದ ಕ್ವೇಕರ್ (ಯುದ್ಧ ವಿರೋಧಿಸುವ ಕ್ರೈಸ್ತ ಪಂಥ) ಕುಟುಂಬಗಳು 1951ರಲ್ಲಿ ಇಲ್ಲಿಗೆ ಬಂದು ಹಸು ಸಾಕಿ ಚೀಸ್ ಮಾಡಿದರು. ನೀರಿನ ಸೆಲೆ ಉಳಿಯಲಿ ಅಂತ ಗುಡ್ಡದ ಮೇಲಿನ ಕಾಡು ಕಡಿಯದೆ ಬಿಟ್ಟರು. ಇವತ್ತು ಎಲ್ಲರೂ ನೋಡಲು ಬರುವ ಕಾಡಿಗೆ ಅದೇ ಮೂಲ.

ಊರು ಸುಮಾರು 1,400 ಮೀಟರ್ ಎತ್ತರದಲ್ಲಿದೆ, ಗಾಳಿ ಜೋರು. ಅಮ್ಮನಿಗೆ ಸ್ವೆಟರ್, ಕಿವಿ ಮುಚ್ಚೋಕೆ ಶಾಲು ಇಟ್ಟುಕೊಳ್ಳಿ. ದಿನಾಂಕ ಗೊತ್ತಾದ ಮೇಲೆ ಬರೆಯಿರಿ, ಮೆಟ್ಟಿಲಿಲ್ಲದ ರೂಮು ಯಾವ ಕಡೆ ಸಿಗುತ್ತದೆ ಅಂತ ಹೇಳುತ್ತೇನೆ.